ಸಂಜೆಯ ಕರೆಂಟಿಗೆ ಬೇರೆ ದರ: ಮನೆಗಳಿಗೂ ಬೇಕೇ?

ಗೃಹಬಳಕೆಯ ವಿದ್ಯುತ್ತಿಗೂ ಹೊತ್ತಿಗೆ ತಕ್ಕ ದರ ಇರಬೇಕೇ, ಅದಕ್ಕಾಗಿ ಪೀಕ್ ಅವರ್ (ಕರೆಂಟಿನ ಬೇಡಿಕೆ ಅತಿ ಹೆಚ್ಚಿರುವ ಹೊತ್ತು) ಎಂದರೇನೆಂದು ಮನೆಮನೆಗೂ ತಿಳಿಸಿಕೊಡಬೇಕೇ ಎಂಬ ಪ್ರಶ್ನೆಗೆ ಬೆಟಗೇರಿಯ ನಿವೃತ್ತ ಉಪಕೇಂದ್ರ ಆಪರೇಟರ್ ಒಬ್ಬರು ಮತ್ತು ಹುಬ್ಬಳ್ಳಿಯ ಕಾಲೇಜು ಉಪನ್ಯಾಸಕಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪರ: ಕತ್ತಲೆ ಕೊಡುವುದಕ್ಕಿಂತ ದರ ಹೇಳುವುದು ಮೇಲು

ಗದಗ ಜಿಲ್ಲೆಯ ಉಪಕೇಂದ್ರವೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಆಪರೇಟರ್ ಆಗಿದ್ದೆ. ಗಂಟೆಗೊಮ್ಮೆ ಪ್ರತಿ ಫೀಡರಿನ (ಉಪಕೇಂದ್ರದಿಂದ ಒಂದೊಂದು ಪ್ರದೇಶಕ್ಕೆ ಕರೆಂಟು ಒಯ್ಯುವ ತಂತಿಮಾರ್ಗದ) ಆಂಪೇರ್ ನೋಡಿ ಲಾಗ್ ಶೀಟಿನಲ್ಲಿ ಬರೆಯುವುದು ನಮ್ಮ ದಿನನಿತ್ಯದ ಕೆಲಸ. ಊರ ಫೀಡರಿನಲ್ಲಿ ಮಧ್ಯಾಹ್ನ ಮೂರಕ್ಕೆ ಬರೆದ ಅಂಕಿ ಸಂಜೆ ಏಳಕ್ಕೆ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತಿತ್ತು. ಹತ್ತು ಗಂಟೆಯ ಮೇಲೆ ಅದು ತಾನಾಗಿ ಇಳಿಯುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಈ ಏರಿಳಿತ ತಪ್ಪಿದ ದಿನಗಳು ಬೆರಳೆಣಿಕೆಯಷ್ಟು. ಆದ್ದರಿಂದ ಸಂಜೆಯ ಯೂನಿಟ್ಟೂ ಮಧ್ಯಾಹ್ನದ ಯೂನಿಟ್ಟೂ ಒಂದೇ ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ.

ಲೋಡ್ ಶೆಡ್ಡಿಂಗಿನ ಕಾಲವನ್ನು ಇಂದಿನ ಮಕ್ಕಳು ಅಷ್ಟಾಗಿ ಕಂಡಿಲ್ಲ. ಮೇಲಿನಿಂದ ಫೋನು ಬಂದೊಡನೆ, ಹೇಳಿದ ಫೀಡರನ್ನು ಹೇಳಿದ ನಿಮಿಷಕ್ಕೆ ನಾವು ಆರಿಸಬೇಕಾಗಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಹಾಗೆ ಆರಿಸಿದ ಹತ್ತು ನಿಮಿಷಕ್ಕೆ ಒಬ್ಬ ತಂದೆ ಸೈಕಲ್ ತುಳಿದುಕೊಂಡು ಉಪಕೇಂದ್ರದ ಗೇಟಿಗೆ ಬಂದರು. ಮರುದಿನ ಮಗಳ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಅವರು ಕೂಗಾಡಲಿಲ್ಲ. "ಸಾಹೇಬ್ರ, ಒಂದ್ ತಾಸು ಕೊಡ್ರಿ, ಉಳಿದದ್ದು ನಾಳೆ ತಗೊಳ್ರಿ" ಎಂದು ಕೈ ಮುಗಿದರು. ಕೊಡುವ ಅಧಿಕಾರ ನನಗಿರಲಿಲ್ಲ. ಒಳಗೆ ಹೋಗಿ ಲಾಗ್ ಶೀಟಿನಲ್ಲಿ ಆ ಫೀಡರಿನ ಎದುರು ಸೊನ್ನೆ ಬರೆದೆ. ಅದೇ ಹೊತ್ತಿಗೆ ಆರದೆ ಉಳಿದ ಪಕ್ಕದ ಫೀಡರಿನಲ್ಲಿ ಎಷ್ಟು ಮನೆಗಳಲ್ಲಿ ಗೀಸರು, ಇಸ್ತ್ರಿಪೆಟ್ಟಿಗೆ, ನೀರಿನ ಮೋಟರು ಒಟ್ಟಿಗೆ ಓಡುತ್ತಿದ್ದವೋ ಎಂದು ಅಂದು ರಾತ್ರಿಯೆಲ್ಲ ಯೋಚಿಸಿದೆ. ಆ ಮನೆಯವರ ತಪ್ಪೂ ಅಲ್ಲ ಅದು. ಆ ಹೊತ್ತಿನ ಕರೆಂಟು ಕೊರತೆಯ ಕರೆಂಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ; ಅವರ ಬಿಲ್ಲೂ ಹೇಳುತ್ತಿರಲಿಲ್ಲ.

ಕೊರತೆ ಏಕೆ ಬರುತ್ತದೆ? ಪಾವಗಡದ ಸೌರ ಪಾರ್ಕು 2,050 ಮೆಗಾವಾಟಿನದು. ಸೂರ್ಯ ಮುಳುಗಿದರೆ ಅದರಿಂದ ಒಂದು ಬಲ್ಬೂ ಉರಿಯುವುದಿಲ್ಲ. ನಮ್ಮ ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳು ಮಳೆಗಾಲದಲ್ಲಿ ಜೋರಾಗಿ ತಿರುಗುತ್ತವೆ, ಬೇಡಿಕೆ ಏರುವ ಫೆಬ್ರುವರಿ, ಮಾರ್ಚಿನಲ್ಲಿ ಅಷ್ಟು ತಿರುಗುವುದಿಲ್ಲ. ಕಲ್ಲಿದ್ದಲಿನ ರಾಯಚೂರು ಸ್ಥಾವರವನ್ನು ತಣ್ಣಗಿನ ಸ್ಥಿತಿಯಿಂದ ಚಾಲೂ ಮಾಡಲು ಹಲವು ತಾಸು ಬೇಕು. ಸಂಜೆ ಏಳಕ್ಕೆ ಕೆಲವೇ ನಿಮಿಷದಲ್ಲಿ ಕೈಗೆ ಬರುವುದೆಂದರೆ ಶರಾವತಿಯ 1,035 ಮೆಗಾವಾಟು ಮತ್ತು ಕಾಳಿಯ ನಾಗಝರಿಯಂಥ ಜಲವಿದ್ಯುತ್ತು. ಆ ನೀರು ಮುಂದಿನ ಮಳೆಗಾಲದವರೆಗೂ ಬಾಳಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ವಿದ್ಯುತ್ ಕಾಯ್ದೆಯ 11ನೆಯ ಕಲಮನ್ನು ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ಇಲ್ಲಿಗೇ ಕೊಡಬೇಕೆಂದು ಆದೇಶಿಸಬೇಕಾಯಿತು. ಅದೂ ಸಾಲದಾದರೆ ಕರೆಂಟು ಕೊಂಡು ಮಾರುವ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕು. ಅಲ್ಲಿ ಯೂನಿಟ್ಟಿಗೆ 10 ರೂಪಾಯಿಯ ಮಿತಿ ಹಾಕಿದ್ದಾರೆಂದರೆ ಸಂಜೆಯ ಬೆಲೆ ಎಲ್ಲಿಯವರೆಗೆ ಏರುತ್ತದೆ ಎಂದು ಊಹಿಸಬಹುದು. ಹೀಗೆ ಕೊಂಡದ್ದರ ಹೊರೆ ಆಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಹೆಸರಿನಲ್ಲಿ ಬಿಲ್ಲಿಗೆ ಬರುತ್ತದೆ. ಗೀಸರನ್ನೇ ಕಾಣದ ಮನೆಯೂ ಪಕ್ಕದ ಮನೆಯ ಸಂಜೆಯ ಗೀಸರಿಗಾಗಿ ಅದನ್ನು ತುಂಬುತ್ತದೆ.

ತಂತಿಯ ಲೆಕ್ಕ ಇನ್ನೊಂದು. ಅದೇ ತಂತಿಯಲ್ಲಿ ಎರಡು ಪಟ್ಟು ಕರೆಂಟು ಹರಿದರೆ ಬಿಸಿಯಾಗಿ ಹಾಳಾಗುವ ವಿದ್ಯುತ್ತು ನಾಲ್ಕು ಪಟ್ಟಾಗುತ್ತದೆ. ಸಂಜೆ ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಸುಡುವುದು, ಕಂಬದ ಮೇಲಿನ ಜೋಡಣೆಯ ತಂತಿಯಾದ ಜಂಪರ್ ಕಡಿಯುವುದು, ಓಣಿಯ ಕೊನೆಯ ಮನೆಯಲ್ಲಿ ಟ್ಯೂಬ್‌ಲೈಟು ಹತ್ತದೆ ಮಿಣುಕುವುದು ಇದರಿಂದಲೇ. ಸಂಜೆಯ ಯೂನಿಟ್ಟೂ ಮಧ್ಯಾಹ್ನದ ಯೂನಿಟ್ಟೂ ಒಂದೇ ಅಲ್ಲ ಎಂದು ನಾನು ಮತ್ತೆ ಹೇಳುವುದು ಈ ಕಾರಣಕ್ಕೆ.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಹೊತ್ತಿಗೆ ತಕ್ಕ ದರವನ್ನು ಮೊದಲು ದೊಡ್ಡ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೂ, 2025ರ ಏಪ್ರಿಲ್ 1ರೊಳಗೆ ಕೃಷಿಯನ್ನು ಬಿಟ್ಟು ಉಳಿದೆಲ್ಲರಿಗೂ ಅನ್ವಯಿಸಬೇಕೆಂದು ಹೇಳಿತು. ಸ್ಮಾರ್ಟ್ ಮೀಟರ್ ಹಾಕಿದ ಮೇಲೆಯೇ ಇದು ಜಾರಿಗೆ ಬರುವಂಥದ್ದು. ಮನೆಗಳಿಗೆ ಪೀಕ್ ಹೊತ್ತಿನ ದರ ಸಾಮಾನ್ಯ ದರದ ಕನಿಷ್ಠ 1.10 ಪಟ್ಟು ಇರಬೇಕು. ಬಿಸಿಲಿನ ಎಂಟು ತಾಸಿನಲ್ಲಿ ಸಾಮಾನ್ಯ ದರಕ್ಕಿಂತ ಕನಿಷ್ಠ 20 ಪ್ರತಿಶತ ಕಡಿಮೆ ಇರಬೇಕು. ಯಾವ ಹೊತ್ತು ಯಾವುದು ಎಂಬುದನ್ನು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡುತ್ತದೆ. ಏರಿಕೆ ಹತ್ತಾದರೆ ಇಳಿಕೆ ಇಪ್ಪತ್ತು. ಎದುರು ವಾದಿಸುವವರು ಏರಿಕೆಯನ್ನಷ್ಟೇ ಓದಿ ಪುಟ ಮಗುಚುತ್ತಾರೆ.

ಇದನ್ನು ಮನೆಮಂದಿಗೆ ತಿಳಿಸುವುದು ಕಷ್ಟವೆಂದು ಹೇಳುವವರನ್ನು ನಮ್ಮ ಮನೆಯ ಪಡಸಾಲೆಗೆ ಕರೆಯುತ್ತೇನೆ. ನಮ್ಮ ಮೀಟರಿನ ಮೇಲೆ 3200 ಎಂದು ಬರೆದಿದೆ. ಅದರ ಕೆಂಪು ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ಟು. ಕಳೆದ ದೀಪಾವಳಿಯ ರಜೆಯಲ್ಲಿ ಆರನೆಯ ತರಗತಿಯ ಮೊಮ್ಮಗಳನ್ನು ಗಡಿಯಾರ ಕೊಟ್ಟು ಅದರ ಎದುರು ಕೂರಿಸಿದೆ. ಮನೆಯ ಎಲ್ಲ ಸ್ವಿಚ್ಚು ಆರಿಸಿ ಒಂದು ಫ್ಯಾನು ಹಾಕಿದೆ: ನಿಮಿಷಕ್ಕೆ ನಾಲ್ಕು ಸಲ ಮಿಣುಕಿತು. ಫ್ಯಾನು ಆರಿಸಿ ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಹಾಕಿದೆ: ಎರಡು ನಿಮಿಷ ಕಾದರೆ ಒಂದು ಸಲ. ಹುಡುಗಿಗೆ ಬೇಸರ ಬರತೊಡಗಿತ್ತು. ಆಗ ಎರಡು ಸಾವಿರ ವಾಟಿನ ಗೀಸರು ಹಾಕಿದೆ. "ಅಜ್ಜಾ, ಎಣಿಸಾಕ ಬರವಲ್ದು, ಹುಚ್ಚ ಹಿಡದಂಗ ಮಿಣಕಾಕತ್ತೈತಿ" ಎಂದು ಕೂಗಿದಳು. ನಿಮಿಷಕ್ಕೆ ನೂರಾ ಏಳು! ಅಡುಗೆಮನೆಯಿಂದ ಸೊಸೆಯೂ ಹೊರಗೆ ಬಂದು ನೋಡಿದಳು. ಅಂದಿನಿಂದ ಹದಿನೈದು ದಿನ ಮೊಮ್ಮಗಳು ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ಮೀಟರ್ ಓದಿ ಕ್ಯಾಲೆಂಡರಿನ ಹಿಂಬದಿಗೆ ಬರೆದಳು. ಸಂಜೆಯ ನಾಲ್ಕು ತಾಸಿನ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗೀಸರು, ಇಸ್ತ್ರಿಪೆಟ್ಟಿಗೆ ಎರಡರದ್ದೇ ಎಂದು ತಿಳಿಯಿತು. ಇಸ್ತ್ರಿ ಭಾನುವಾರ ಮಧ್ಯಾಹ್ನಕ್ಕೆ ಹೋಯಿತು. ಹದಿನೈದು ಲೀಟರಿನ ಗೀಸರು ಕಾಯಲು ಬೇಕಾದದ್ದು ಹದಿನೈದಿಪ್ಪತ್ತು ನಿಮಿಷ. ಅದನ್ನು ಆರಕ್ಕೆ ಹಾಕಿ ಎಂಟಕ್ಕೆ ಆರಿಸುವ ರೂಢಿ ನಿಂತಿತು. ದೀಪ, ಟಿವಿ, ಮಕ್ಕಳ ಓದು, ಫ್ಯಾನು ಯಾವುದಕ್ಕೂ ನಾವು ಕೈ ಹಚ್ಚಲಿಲ್ಲ.

ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಸೊನ್ನೆ ಬರುವಾಗ ಗಂಟೆ ಯಾರು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ಬಿಲ್ಲು ಸೊನ್ನೆಯಾದರೂ ಮೀಟರು ಮಿಣುಕುತ್ತದೆ, ಶರಾವತಿಯ ನೀರು ಇಳಿಯುತ್ತದೆ. ನಳದ ನೀರು ಬಂದಾಗಲೇ ಮೋಟರು ಹಾಕಬೇಕಲ್ಲ ಎಂದೂ ಕೇಳುತ್ತಾರೆ. ಅದು ನೀರು ಬಿಡುವವರನ್ನು ಕೇಳಬೇಕಾದ ಪ್ರಶ್ನೆ. ಕರೆಂಟಿನ ಚರ್ಚೆಯಲ್ಲಿ ಅದನ್ನು ತರುವುದು ಸರಿಯಲ್ಲ.

ಪ್ರತಿ ಶಾಲೆಯಲ್ಲಿ ಒಂದು ತಾಸು, ಪ್ರತಿ ಸ್ವಸಹಾಯ ಸಂಘದ ಸಭೆಯಲ್ಲಿ ಅರ್ಧ ತಾಸು ಈ ಕೆಂಪು ದೀಪದ ಎದುರು ಜನರನ್ನು ಕೂರಿಸಿದರೆ ಸಾಕು. ಬೆಟಗೇರಿಯಲ್ಲಿ ಯಾರು ಕರೆದರೂ ನಾನು ಗಡಿಯಾರ ಹಿಡಿದು ಬರುತ್ತೇನೆ.

ವಿರೋಧ: ನಮ್ಮ ಸಂಜೆಯನ್ನು ನಾವು ಆರಿಸಿಕೊಂಡಿಲ್ಲ

ವಿರೋಧವಾಗಿ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಮೀಟರ್ ಓದುವುದನ್ನು ಜನರಿಗೆ ಕಲಿಸುವುದಕ್ಕೆ ನನ್ನ ವಿರೋಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಆಕ್ಷೇಪ ಇರುವುದು ಕಲಿಕೆಯ ಜೊತೆಗೆ ದರವನ್ನೂ ಕಟ್ಟಿಕೊಡುವುದಕ್ಕೆ.

ಒಂದು ಕುಟುಂಬದ ಸಂಜೆಯ ಹೊತ್ತು ಅದರ ಇಷ್ಟದಿಂದ ನಿಶ್ಚಯವಾಗುವುದಿಲ್ಲ. ಕಚೇರಿ, ಅಂಗಡಿ, ಕಾಲೇಜು ಬಿಡುವುದು ಐದು ಆರರ ಸುಮಾರಿಗೆ. ಮನೆ ಸೇರಿ ದೀಪ ಹಚ್ಚಿ, ಶೇಂಗಾ ಚಟ್ನಿ ರುಬ್ಬಿ, ರೊಟ್ಟಿ ಬಡಿದು, ಮಕ್ಕಳನ್ನು ಓದಲು ಕೂರಿಸುವುದು ಆಮೇಲೆ. ದುಬಾರಿ ಹೊತ್ತು ಎಂದು ಗುರುತಿಸುವುದೂ ಇದನ್ನೇ. ಸಂಜೆ ಆರರಿಂದ ಹತ್ತರವರೆಗೆ ಮಿಕ್ಸರ್ ಮುಟ್ಟಬೇಡಿ, ನಡುರಾತ್ರಿ ಎದ್ದು ಬಟ್ಟೆ ಒಗೆಯಿರಿ ಎನ್ನುವವರ ಮನೆಯಲ್ಲಿ ಆ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಕೇಳಬೇಕಾಗುತ್ತದೆ. ಇಸ್ತ್ರಿ ಭಾನುವಾರಕ್ಕೆ ಹೋದರೆ ಹೆಂಗಸಿನ ಭಾನುವಾರ ಹೋಯಿತು ಎಂದೇ ಅರ್ಥ.

ದರದ ಲೆಕ್ಕವನ್ನು ನಮ್ಮ ಮನೆಯ ಮಟ್ಟಿಗೆ ಮಾಡಿ ನೋಡಿದೆ. ನಮಗೆ ತಿಂಗಳಿಗೆ 220 ಯೂನಿಟ್ಟಿನ ಸುಮಾರು ಖರ್ಚಾಗುತ್ತದೆ; 200 ದಾಟಿದ್ದರಿಂದ ಗೃಹಜ್ಯೋತಿ ಇಲ್ಲ, ಬಿಲ್ಲು ಪೂರ್ತಿ. ಹಗಲು ಮನೆಗೆ ಬೀಗ. ನನ್ನ ಅಂದಾಜಿನಂತೆ ನೂರು ಯೂನಿಟ್ಟು ಸಂಜೆಯ ನಾಲ್ಕು ತಾಸಿನದು, ಇಪ್ಪತ್ತು ಮಾತ್ರ ಬಿಸಿಲಿನ ಹೊತ್ತಿನದು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಸಂಜೆಗೆ 60 ರೂಪಾಯಿ ಹೆಚ್ಚು, ಹಗಲಿಗೆ 24 ರೂಪಾಯಿ ಕಡಿಮೆ. ಒಟ್ಟು 36 ರೂಪಾಯಿ ಹೆಚ್ಚಳ. ಇದರಿಂದ ನಮ್ಮ ಮನೆ ಮುಳುಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಿಯಮದಲ್ಲಿರುವ ಪದ 'ಕನಿಷ್ಠ'. ಹತ್ತು ಪ್ರತಿಶತವೆಂಬುದು ಏರಿಕೆಯ ಆರಂಭವೇ ಹೊರತು ಮಿತಿಯಲ್ಲ. ಇನ್ನು ಹಗಲಿನ ರಿಯಾಯಿತಿಯ ಲಾಭ ಪಡೆಯಲು ಹಗಲು ಮನೆಯಲ್ಲಿ ಒಬ್ಬರು ಇರಬೇಕು. ದುಡಿಯಲು ಹೋಗುವ ಇಬ್ಬರೂ ಇರುವ ಮನೆಗೆ ಆ ಇಪ್ಪತ್ತು ಪ್ರತಿಶತ ಕಾಗದದ ಮೇಲಿನದು.

ಸೊನ್ನೆ ಬಿಲ್ಲಿನ ಮನೆಗಳಿಗೆ ದರದ ಬಿಸಿ ತಟ್ಟುವುದೇ ಇಲ್ಲ. ಹಾಗಾದರೆ ಸಂಜೆಯ ಲೋಡು ಇಳಿಸುವ ಹೊರೆಯೆಲ್ಲ 200ರ ಗೆರೆಯ ಆಚೆಗಿರುವ ಮನೆಗಳ ಮೇಲೆ, ಮತ್ತು ಮನೆಯ ಮುಂಭಾಗದಲ್ಲಿ ಖಡಕ್ ರೊಟ್ಟಿ, ಶ್ಯಾವಿಗೆ ಮಾಡಿ ಬದುಕುವ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ. ಅವರ ಕೆಲಸ ಗಿರಾಕಿ ಹೇಳಿದ ಹೊತ್ತಿಗೆ ನಡೆಯಬೇಕಾದದ್ದು.

ಕೊನೆಗೆ ನೀರಿನ ಮಾತು. ಇದೊಂದನ್ನು ನಾನು ಯಾರೂ ಕೇಳದಿದ್ದರೂ ಬರೆಯುತ್ತಿದ್ದೆ. ಮಲಪ್ರಭೆಯ ನೀರು ಸವದತ್ತಿಯ ರೇಣುಕಾ ಸಾಗರದಿಂದ ಅವಳಿ ನಗರಕ್ಕೆ ಬರುತ್ತದೆ. ಕೆಲವು ಬಡಾವಣೆಗಳಲ್ಲಿ ಹಗಲಿರುಳೂ ನಳದಲ್ಲಿ ನೀರು ಇರುತ್ತದೆ. ನಮ್ಮ ಓಣಿಯಲ್ಲಿ ಅದು ವಾರಕ್ಕೊಮ್ಮೆ, ಒಮ್ಮೊಮ್ಮೆ ಅದಕ್ಕೂ ತಡ. ಬರುವ ಹೊತ್ತು ಮುಂಜಾನೆ ನಾಲ್ಕಾದರೂ ಆದೀತು, ರಾತ್ರಿ ಎಂಟಾದರೂ ಆದೀತು. ಕಳೆದ ಬೇಸಿಗೆಯಲ್ಲಿ ಎಂಟನೆಯ ದಿನ ಸಂಜೆ ಏಳೂ ನಲವತ್ತಕ್ಕೆ ಪಕ್ಕದ ಮನೆಯವರು "ಅಕ್ಕಾರ, ನೀರು ಬಂತು" ಎಂದು ಕಾಂಪೌಂಡಿನ ಆಚೆಯಿಂದ ಕೂಗಿದರು. ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಒಂದು ಅಶ್ವಶಕ್ತಿಯ ಮೋಟರು ಹಾಕಿದೆ. ಆ ಕ್ಷಣಕ್ಕೆ ಓಣಿಯ ನಲವತ್ತು ಮನೆಗಳೂ ಹಾಕಿದವು. ಬಲ್ಬುಗಳೆಲ್ಲ ಒಮ್ಮೆ ಮಂಕಾದವು. ಕೆಳಗಿನ ಟಾಕಿ ತುಂಬಿ ನೀರು ಮೇಲಕ್ಕೆ ಏರುವವರೆಗೆ ಎರಡು ತಾಸು ಮೋಟರು ಓಡಿತು. ಬಿಂದಿಗೆ, ಬಕೆಟ್ಟು, ಕುಕ್ಕರಿನ ಪಾತ್ರೆ ಕೂಡ ತುಂಬಿಸಿಟ್ಟೆವು. ಅದು ಪೀಕ್ ಅವರ್ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆರಿಸಿದ್ದರೆ ಮುಂದಿನ ಎಂಟು ದಿನ ಕುಡಿಯಲು ನೀರಿರುತ್ತಿರಲಿಲ್ಲ.

ಹೊತ್ತಿಗೆ ತಕ್ಕ ದರ ಬರುವುದಾದರೆ ನಮ್ಮ ಓಣಿಗೆ ನೀರು ಬಿಡುವ ವೇಳೆಯನ್ನು ಮೊದಲು ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ ಗೊತ್ತುಮಾಡಿ ಗೋಡೆಗೆ ಬರೆಸಲಿ. ಆ ಹೊತ್ತಿನಲ್ಲಿ ಮೋಟರು ಹಾಕಲು ನಾನು ಕಾಲೇಜಿಗೆ ಅರ್ಧ ದಿನ ರಜೆ ಹಾಕಿಯಾದರೂ ಬರುತ್ತೇನೆ.