ಹದಿನೈದು ದಿನದ ಕೂಸಿಗೆ ಜಾಯಿಕಾಯಿ ತೇಯ್ದು ನೆಕ್ಕಿಸುವವರಿಗೆ

ಬಾಳಂತಿ ಕೋಣೆಗೆ ಬಂದವರು ಕೇಳುವುದು ಎರಡೇ ಪ್ರಶ್ನೆ. ಕೂಸು ಯಾರ ಹಾಗಿದೆ, ರಾತ್ರಿ ನಿದ್ದೆ ಮಾಡುತ್ತದಾ. ಎರಡನೆಯದಕ್ಕೆ ‘ಇಲ್ಲ’ ಅಂದರೆ ಕತೆ ಮುಗಿಯಿತು. ಕುಮಟೆಯ ಅತ್ತೆಗೆ ಬಜೆ ನೆನಪಾಗುತ್ತದೆ, ಶಿರಸಿಯ ದೊಡ್ಡಮ್ಮನಿಗೆ ತೋಟದ ಜಾಯಿಕಾಯಿ, ಕಾರವಾರದ ನೆರೆಮನೆಯವರಿಗೆ ಗಿಡಮೂಲಿಕೆ ತೇಯ್ದ ಗುಟಿ. ಕೂಸಿಗೆ ಕಾಯಿಲೆ ಏನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಯಾಕೆಂದರೆ ಕಾಯಿಲೆಯೇ ಇಲ್ಲ, ಮಾರಾಯ್ರೆ!

ಎರಡು ವಾರದ ಕೂಸು ರಾತ್ರಿ ಏಳದೆ ಇನ್ನೇನು ಮಾಡಬೇಕಿತ್ತು? ಹುಟ್ಟಿದ ದಿನ ಅದರ ಹೊಟ್ಟೆಗೆ ಒಂದು ಸಲಕ್ಕೆ ಒಂದು ಚಮಚದಷ್ಟು ಹಾಲು ಸಾಕು. ವಾರ ಕಳೆದರೂ 45ರಿಂದ 60 ಮಿ.ಲೀ. ತಾಯಿಹಾಲು ಎರಡು ಗಂಟೆಯೊಳಗೆ ಕರಗಿಹೋಗುತ್ತದೆ. ಹಾಗಾಗಿ ದಿನಕ್ಕೆ 8ರಿಂದ 12 ಸಲ ಕುಡಿಯಲೇಬೇಕು, ಅದರಲ್ಲಿ ಮೂರು ನಾಲ್ಕು ಸಲ ರಾತ್ರಿ ಬಂದೇ ಬರುತ್ತದೆ. ಒಟ್ಟು ನಿದ್ದೆ 14ರಿಂದ 17 ಗಂಟೆ ಇದ್ದೇ ಇರುತ್ತದೆ, ಆದರೆ ತುಂಡು ತುಂಡಾಗಿ. ಹಗಲು ರಾತ್ರಿ ಗುರುತಿಸುವ ಮೆಲಟೋನಿನ್ ಅದರ ಮೈಯಲ್ಲಿ ಸರಿಯಾಗಿ ತಯಾರಾಗಲು ಎರಡು ಮೂರು ತಿಂಗಳು ಬೇಕು. ಸಂಜೆಯ ಅಳು ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಯಾವ ಮದ್ದು ಕೊಡುತ್ತಿದ್ದಿರೋ ಅದಕ್ಕೇ ಹೆಸರು. ಏನೂ ಕೊಡದಿದ್ದರೂ ಇಳಿಯುತ್ತಿತ್ತು ಅಂತ ಹೇಳುವ ಧೈರ್ಯ ಯಾವ ಸೊಸೆಗಿದೆ?

ಇನ್ನೊಂದು ವಿಷಯ. ನವಜಾತ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ಪಾಲು ಗಲಾಟೆಯ ನಿದ್ದೆ. ಮುಲುಕುತ್ತದೆ, ಮುಖ ಕಿವುಚುತ್ತದೆ, ಕೈಕಾಲು ಎಸೆಯುತ್ತದೆ, ನಡುವೆ ಒಂದು ಕೂಗೂ ಹಾಕುತ್ತದೆ. ಕಣ್ಣು ಮುಚ್ಚಿಯೇ ಇರುತ್ತದೆ. ಒಂದೆರಡು ನಿಮಿಷ ಕಾದರೆ ತಾನೇ ಮತ್ತೆ ಮಲಗುತ್ತದೆ. ಕಾಯುವವರು ಯಾರು? ಹೊಟ್ಟೆನೋವು ಅಂತ ಎತ್ತಿ, ತಟ್ಟಿ, ದೀಪ ಹಾಕಿ, ಓಮದ ನೀರು ಬಾಯಿಗೆ ಹಿಡಿದು, ನಿದ್ದೆಯಲ್ಲಿದ್ದ ಕೂಸನ್ನು ನಿಜವಾಗಿಯೂ ಎಬ್ಬಿಸಿ, ‘ನೋಡು, ರಾತ್ರಿಯೆಲ್ಲ ಮಲಗೂದಿಲ್ಲ’ ಅನ್ನುತ್ತಾರೆ.

ಈಗ ಜಾಯಿಕಾಯಿಗೆ ಬರೋಣ. ಶಿರಸಿ–ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಬೆಳೆಯುತ್ತದೆ, ಮನೆಯದೇ, ಹಾಗಾಗಿ ಪಾಪದ್ದು ಅಂತ ನಂಬಿಕೆ. ಅದರಲ್ಲಿರುವ ಮಿರಿಸ್ಟಿಸಿನ್ ನೇರ ಮಿದುಳಿಗೆ ನಾಟುವ ವಸ್ತು. ಪ್ರಮಾಣ ಮೀರಿದರೆ ಮಂಪರು, ಎದೆಬಡಿತ, ಫಿಟ್ಸ್. ಪ್ರಮಾಣ ಎಷ್ಟು ಅಂತ ಕೇಳಿ ನೋಡಿ. ‘ಒಂದು ಸುತ್ತು ತೇಯ್ದರೆ ಸಾಕು’ ಅನ್ನುತ್ತಾರೆ. ಸುತ್ತು ಅಂದರೆ ಯಾವ ಅಳತೆ? ಹೊಸ ಗಂಧದ ಕಲ್ಲು ಒರಟು, ಒಂದೇ ಸುತ್ತಿಗೆ ಬೇಕಾದಷ್ಟು ಇಳಿಯುತ್ತದೆ. ಅಜ್ಜಿ ಕಾಲದ ಸವೆದ ಕಲ್ಲಿನಲ್ಲಿ ನಾಲ್ಕು ಸುತ್ತಿಗೂ ಅಷ್ಟು ಬರುವುದಿಲ್ಲ. ಒತ್ತುವ ಕೈ ಬೇರೆ, ಕಾಯಿಯ ಎಣ್ಣೆ ಅಂಶ ಬೇರೆ. ಬೆಳಿಗ್ಗೆ ಅತ್ತೆ ಒಂದು ಸುತ್ತು, ಮಧ್ಯಾಹ್ನ ಅದು ಗೊತ್ತಿಲ್ಲದೆ ಅಮ್ಮ ಒಂದು ಸುತ್ತು. ಕೂಸಿನ ತೂಕ ಮೂರು ಕೆ.ಜಿ., ತೇಯುವವರದ್ದು ಅರವತ್ತು. ಅದರ ಪಿತ್ತಜನಕಾಂಗ ಇನ್ನೂ ಕಾಮಾಲೆಯ ಹಳದಿಯನ್ನೇ ತೆಗೆದುಹಾಕಲು ಒದ್ದಾಡುತ್ತಿರುತ್ತದೆ, ಈ ಮದ್ದನ್ನು ಎಲ್ಲಿ ಕರಗಿಸೀತು?

ಬಜೆಯ ಕತೆಯೂ ಇಷ್ಟೇ. ನಮ್ಮ ದೇಶದ ಬಜೆಯಲ್ಲಿ ಬೀಟಾ-ಅಸರೋನ್ ಹೆಚ್ಚು. ಇಲಿಗಳಲ್ಲಿ ಅದರಿಂದ ಗೆಡ್ಡೆ ಕಂಡದ್ದಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸದಂತೆ ನಿಷೇಧಿಸಿದರು. ಮೇಲಿಂದ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಹಪ್ಪಳವೇ ಮೆತ್ತಗಾಗುವಾಗ ಡಬ್ಬಿಯೊಳಗಿನ ಬಜೆ ತುಂಡಿಗೆ ಬೂಷ್ಟು ಹಿಡಿಯದೆ ಇರುತ್ತದಾ? ಸೆರಗಲ್ಲಿ ಒರೆಸಿ ತೇಯುವುದೇ. ತೊಳೆಯುವ ನೀರು ಬಾವಿಯದ್ದು, ಕುದಿಸದ್ದು. ಮರುದಿನ ಭೇದಿಯಾದರೆ ‘ತಾಯಿ ಏನೋ ತಿಂದಿದ್ದಾಳೆ’ ಅಂತ ಮತ್ತೆ ಬಾಳಂತಿಯದ್ದೇ ತಪ್ಪು.

ತೇಯ್ದದ್ದು ಖಾರ ಅಂತ ಜೇನು ಸೇರಿಸುತ್ತಾರಲ್ಲ, ಅಲ್ಲಿ ತಲೆ ಸಿಡಿಯುತ್ತದೆ. ಮಲೆನಾಡ ಜೇನು, ಶುದ್ಧ, ಪೆಟ್ಟಿಗೆಯಿಂದ ಈಗಷ್ಟೇ ತೆಗೆದದ್ದು, ಎಲ್ಲ ಒಪ್ಪಿದೆ. ಶುದ್ಧತೆಯ ಪ್ರಶ್ನೆಯೇ ಅಲ್ಲ ಇದು. ಜೇನಿನಲ್ಲಿ ಬಾಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಬಿಸಿ ಮಾಡಿದರೂ ಸಾಯುವುದಿಲ್ಲ. ನಮ್ಮ ಕರುಳಿನಲ್ಲಿ ಅದು ಮೊಳೆಯುವುದಿಲ್ಲ, ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಅಳುವ ದನಿ ಸಣ್ಣದಾಗುತ್ತದೆ, ಚೀಪುವ ಶಕ್ತಿ ಇಳಿಯುತ್ತದೆ, ಕತ್ತು ಜೋಲುತ್ತದೆ. ನೋಡಿದವರು ಏನನ್ನುತ್ತಾರೆ ಗೊತ್ತಾ? ‘ಅಬ್ಬ, ಈಗ ಕೂಸು ತಣ್ಣಗೆ ಮಲಗ್ತದೆ.’

ಗಸಗಸೆ ಅರೆದು ಹಾಲಲ್ಲಿ ಕೊಡುವವರಿಗೂ ಇದೇ ಮಾತು. ದೊಡ್ಡವರು ಗಸಗಸೆ ಪಾಯಸ ಕುಡಿದು ಜಗಲಿಯಲ್ಲಿ ಗೊರಕೆ ಹೊಡೆಯುವುದು ಬೇರೆ. ಅಫೀಮು ಗಿಡದ್ದೇ ಬೀಜ ಅದು, ಸಿಪ್ಪೆಯ ಮೇಲೆ ಮಾರ್ಫಿನ್ ಅಂಟಿಕೊಂಡಿರುತ್ತದೆ. ಮಾರ್ಫಿನ್ ಶಿಶುವಿನ ಉಸಿರಾಟವನ್ನೇ ನಿಧಾನ ಮಾಡುತ್ತದೆ. ಆಗ ನೂರಾ ಎಂಟಕ್ಕೆ ಫೋನ್ ಮಾಡಿ, ನಡುರಾತ್ರಿ ಘಟ್ಟದ ತಿರುವು ದಾಟಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾದ ಜಿಲ್ಲೆ ನಮ್ಮದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಬೀದಿಗಿಳಿದು ಕೇಳುತ್ತೇವೆ, ಮನೆಯೊಳಗೆ ಗಸಗಸೆ ಅರೆಯುತ್ತೇವೆ.

ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಉಪ್ಪು, ಒಣಮೆಣಸು ಇಳಿಸಿ ಹಿತ್ತಲ ಒಲೆಗೆ ಹಾಕಿ. ಕೂಸು ಮಲಗಿದ ಕೋಣೆಯಲ್ಲೇ ಸುಡುವುದು, ಮೀಯಿಸಿ ತಂದ ಮೇಲೆ ಬಾಗಿಲು ಹಾಕಿ ಲೋಬಾನದ ಹೊಗೆ ತುಂಬಿಸುವುದು ಯಾವ ಶಾಸ್ತ್ರ? ಎದೆಗೆ ಕರ್ಪೂರದ ಎಣ್ಣೆ ತಿಕ್ಕುವುದು ಇನ್ನೂ ಕೆಟ್ಟದ್ದು, ಕರ್ಪೂರ ಚರ್ಮದಿಂದಲೇ ಒಳಹೋಗಿ ಫಿಟ್ಸ್ ತರಿಸಬಲ್ಲದು. ಮೂಗಿಗೆ ಎಣ್ಣೆ ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಂಡೆಯ ಕುದಿನೀರಲ್ಲಿ ಎತ್ತಿ ಎತ್ತಿ ಹೊಯ್ದ ಮೇಲೆ ಮೂರು ಗಂಟೆ ಮಲಗುತ್ತದೆ ನಿಜ. ಅದು ಸುಸ್ತು. ಮೊಣಕೈ ಅದ್ದಿದರೆ ಬೆಚ್ಚಗೆ ಅನಿಸುವಷ್ಟು ನೀರು ಸಾಕು.

ಮಲಗಿಸುವ ರೀತಿ ನೋಡಿದರೆ ಅಳು ಬರುತ್ತದೆ. ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು, ಬೀಳದಿರಲಿ ಅಂತ ಎರಡು ಕಡೆ ಇನ್ನೆರಡು, ಬೆಚ್ಚದಿರಲಿ ಅಂತ ಬೋರಲು. 1990ರ ದಶಕದಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಮಾಡಿದ ದೇಶಗಳಲ್ಲಿ ತೊಟ್ಟಿಲಲ್ಲೇ ಹಠಾತ್ತಾಗಿ ಸಾಯುವ ಶಿಶುಗಳ ಸಂಖ್ಯೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಗಟ್ಟಿ ಹಾಸಿಗೆ, ಅಂಗಾತ, ಮುಖದ ಹತ್ತಿರ ಏನೂ ಇಲ್ಲ. ಇಷ್ಟೇ ಬೇಕಾದದ್ದು, ದುಡ್ಡೂ ಬೇಡ. ಸೀರೆಯ ಜೋಲಿಯಲ್ಲಿ ಗಲ್ಲ ಎದೆಗೆ ತಾಗಿ ಉಸಿರುದಾರಿ ಮಡಚುತ್ತದೆ, ಕಣ್ಣೆದುರು ತೂಗಿದ್ದು ಸಾಕು, ನಿದ್ದೆ ಹತ್ತಿದ ಮೇಲೆ ಇಳಿಸಿ ಹಾಸಿಗೆಗೆ ಹಾಕಿ. ಕಾರವಾರದ ಮೇ ತಿಂಗಳಲ್ಲಿ ಉಣ್ಣೆ ಟೊಪ್ಪಿ, ಸ್ವೆಟರ್, ಕಾಲುಚೀಲ! ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಬಿಚ್ಚಿ. ಅಂಗೈ ತಣ್ಣಗಿರುವುದು ಲೆಕ್ಕಕ್ಕಿಲ್ಲ.

‘ಹಾಲು ಸಾಲೂದಿಲ್ಲ, ಒಂದು ಒಳ್ಳೆ ರಾಗಿ ಮಣ್ಣಿ ಕೊಡು’ ಎನ್ನುವ ಮೊದಲು ಒದ್ದೆ ಬಟ್ಟೆ ಎಣಿಸಿ. ಐದನೇ ದಿನದ ನಂತರ ದಿನಕ್ಕೆ ಆರಾದರೂ ಒದ್ದೆಯಾದರೆ, ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ಮರಳಿದ್ದರೆ ಹಾಲು ಸಾಲುತ್ತಿದೆ. ಮಣ್ಣಿ ಆರು ತಿಂಗಳಿಗೆ.

ನಿಜಕ್ಕೂ ಹೆದರಬೇಕಾದ ಕೂಸು ಅಳದೆ ಮಲಗಿಯೇ ಇರುವ ಕೂಸು. ಮೂರು ಗಂಟೆಯಾದರೂ ಹಾಲಿಗೆ ಏಳದಿದ್ದರೆ ಎಬ್ಬಿಸಿ. ಎಬ್ಬಿಸಿದರೂ ಚೀಪದಿದ್ದರೆ, ಹಳದಿ ಹೊಟ್ಟೆ, ಕಾಲಿನವರೆಗೆ ಇಳಿದಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಸುಮ್ಮನಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ ಆಗಲೇ ಆಸ್ಪತ್ರೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ನೋಡುವುದು ಇದನ್ನೇ. ಅವಳಿಗೆ ಚಾ ಕೊಟ್ಟು ‘ಎಲ್ಲ ಚಲೋ ಇದೆ’ ಅಂತ ಕಳಿಸಬೇಡಿ. ಏನು ನೆಕ್ಕಿಸಿದ್ದೀರಿ, ಎಷ್ಟು ಸಲ, ಹೇಳಿ.

ಇಷ್ಟೆಲ್ಲ ಕೇಳಿಯೂ ಏನಾದರೂ ಮಾಡಲೇಬೇಕು ಅಂತ ಕೈ ತುರಿಸುವವರಿಗೆ ಕೆಲಸ ಇದೆ. ಹಗಲು ಕೋಣೆಯ ಕಿಟಕಿ ತೆರೆದಿಡಿ, ಮಾತು, ಪಾತ್ರೆ ಸದ್ದು ಇರಲಿ. ರಾತ್ರಿ ಒಂದೇ ಸಣ್ಣ ದೀಪ, ಮುದ್ದು ಮಾತು ಬೇಡ. ಎರಡು ಗಂಟೆಗೆ ಕೂಸು ಎದ್ದಾಗ ತಾಯಿ ಹಾಲು ಕೊಡಲಿ, ಅಷ್ಟೇ. ಹೆಗಲಿಗೆ ಹಾಕಿ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು, ಇದಕ್ಕೆ ಮೊಲೆ ಬೇಕಾಗಿಲ್ಲ. ‘ನಂಗಳ ಕಾಲದಲ್ಲಿ ಇದೆಲ್ಲ ಇತ್ತಿಲ್ಲೆ’ ಎನ್ನುವ ದೊಡ್ಡಮ್ಮ, ಪಕ್ಕದ ಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗಿರುವ ಮಗನನ್ನೂ ಒಂದು ಸಲ ಎಬ್ಬಿಸಲಿ. ಅವನಿಗೆ ಯಾರೂ ಜಾಯಿಕಾಯಿ ತೇಯ್ದಿಲ್ಲವಲ್ಲ.