ಹಸು ಕೊಟ್ರೆ ಸಾಲ್ದು, ಮೇವಿನ ಗಿಡಾನೂ ಬೇಕು

ಕೀನ್ಯಾದಲ್ಲಿ ಇದ್ಕೊಂಡು ಇಲ್ಲಿನ ಸಣ್ಣ ರೈತರನ್ನ ನೋಡ್ತಾ ನೋಡ್ತಾ ನಂಗೆ ಒಂದು ವಿಷ್ಯ ಗಟ್ಟಿಯಾಗಿದೆ. ನಮ್ಮ ಕರ್ನಾಟಕದಲ್ಲಿ ಹಸು ಕೊಡ್ಸೋ ಇಲಾಖೆ ಬೇರೆ, ಸಸಿ ಕೊಡೋ ಇಲಾಖೆ ಬೇರೆ, ಇಬ್ರೂ ಬರೋದು ಅದೇ ರೈತನ ಮನೆಗೆ, ಆದ್ರೆ ಆ ಹಸು ಬೇಸಿಗೇಲಿ ಏನ್ ತಿನ್ಬೇಕು ಅನ್ನೋದು ಇಬ್ರ ಲೆಕ್ಕದಲ್ಲೂ ಇರಲ್ಲ.

ಇಲ್ಲಿ ಎಂಬು ಅನ್ನೋ ಊರಿನ ಕಡೆ, ಮೌಂಟ್ ಕೀನ್ಯಾ ತಪ್ಪಲಲ್ಲಿ, ಜಮೀನು ತೀರಾ ಚಿಕ್ಕದು, ಹಸು ಹೊರಗೆ ಬಿಡೋಕೆ ಜಾಗ ಇಲ್ಲ, ಕೊಟ್ಟಿಗೇಲೇ ಕಟ್ಟಿ ನೇಪಿಯರ್ ಹುಲ್ಲು ಕೊಯ್ದು ಹಾಕ್ತಾರೆ. ಬರೀ ಹುಲ್ಲಿಗೆ ಹಾಲು ಇಳಿಯಲ್ಲ, ಪ್ರೋಟೀನ್ ಬೇಕು, ಫೀಡ್ ಕೊಳ್ಳೋಕೆ ಕೈಲಿ ಕಾಸಿರಲ್ಲ. 1990ರ ದಶಕದಲ್ಲಿ ಸಂಶೋಧಕರೂ ರೈತರೂ ಸೇರಿ ಕ್ಯಾಲಿಯಾಂಡ್ರಾ ಅನ್ನೋ ಮೇವಿನ ಗಿಡ ಹಬ್ಬಿಸಿದ್ದು ಅದಕ್ಕೇ. ಬೇಲಿ ಸಾಲು, ಬದು, ಮನೆ ಸುತ್ತ, ಹೀಗೆ ಬೆಳೆಗೆ ಅಡ್ಡ ಬರದ ಕಡೆ ಸುಮಾರು 500 ಗಿಡ ಇದ್ರೆ ಹುಲ್ಲಿನ ಜೊತೆ ಕೊಡೋಕೆ ಒಂದು ಹಸುಗೆ ಸಾಕಾಗುತ್ತೆ, 3 ಕೆಜಿ ಹಸಿ ಸೊಪ್ಪು ಹೆಚ್ಚುಕಮ್ಮಿ 1 ಕೆಜಿ ಫೀಡಿಗೆ ಸಮ. ಸುಮಾರು ಒಂದು ವರ್ಷಕ್ಕೆ ಕಟಾವು ಶುರು, ಸೊಂಟದೆತ್ತರ ಬಿಟ್ಟು ಕತ್ತರಿಸಿದ್ರೆ ಮತ್ತೆ ಚಿಗುರುತ್ತೆ. ಮಣ್ಣೂ ಕೊಚ್ಚಿ ಹೋಗಲ್ಲ.

ಇನ್ನು ನರ್ಸರಿ ವಿಷ್ಯ. ಇಲ್ಲಿ ಊರಿನ ಹೆಂಗಸರ ಗುಂಪುಗಳೇ ಬೀಜ ನೆನೆಸಿ, ಮಡಿ ಮಾಡಿ, ಸಸಿ ಬೆಳೆಸಿ ಅಕ್ಕಪಕ್ಕದೋರಿಗೆ ಮಾರ್ತಾರೆ. ಈ ಅಭ್ಯಾಸಕ್ಕೆ ದೊಡ್ಡ ಬಲ ಕೊಟ್ಟೋರು ವಂಗಾರಿ ಮಾಥಾಯಿ. ಅವ್ರು ಪಶುವೈದ್ಯ ವಿಭಾಗದಲ್ಲಿ ಮೇಷ್ಟ್ರಾಗಿದ್ದೋರು, ಸಂಶೋಧನೆಗೆ ಅಂತ ಹಸುಗಳ ಮೈಮೇಲಿನ ಉಣ್ಣೆ ಹುಳ ಹುಡುಕೋಕೆ ಹೋದಾಗ ಅವುಗಳ ಪಕ್ಕೆಲುಬು ಎದ್ದು ಕಾಣ್ತಿದ್ದಿದ್ದು, ಹುಲ್ಲಿಲ್ಲದ ನೆಲ, ಮಣ್ಣು ಕೊಚ್ಚಿ ಬಂದು ಕೆಂಪಾದ ನದಿ, ಎಲ್ಲಾ ಕಣ್ಣಿಗೆ ಬಿತ್ತು. 1977ರಲ್ಲಿ ಗಿಡ ನೆಡೋ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದ್ರು, ಬದುಕಿ ಉಳಿದ ಪ್ರತಿ ಸಸಿಗೂ ಹೆಂಗಸರಿಗೆ ಚೂರು ದುಡ್ಡು ಸಿಗ್ತಿತ್ತು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತೀನೂ ಬಂತು.

ಬದುಕಿದ ಸಸಿಗೆ ದುಡ್ಡು ಕೊಡೋದು ನಮ್ಮಲ್ಲೂ ಇದೆ, 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, ಮೂರು ವರ್ಷ ಪ್ರೋತ್ಸಾಹಧನ ಕೊಡ್ತಾರೆ, ನಿಜಕ್ಕೂ ಒಳ್ಳೇ ಕೆಲ್ಸ. ಆದ್ರೆ ಜನ ಅಲ್ಲಿ ಕೇಳೋದು ತೇಗ, ಹೆಬ್ಬೇವು, ಶ್ರೀಗಂಧ. ಒಂದೆಕ್ರೆ ಇಟ್ಕೊಂಡು ಒಂದು ಹಸು ಕಟ್ಟಿರೋ ಮನೆಗೆ ಮುಂದಿನ ವರ್ಷಕ್ಕೆ ಸೊಪ್ಪು ಬೇಕು, ಹತ್ತಾರು ವರ್ಷ ಬಿಟ್ಟು ಬರೋ ಮರ ಇವತ್ತಿನ ಹಾಲಿಗೆ ಆಗಲ್ಲ.

ಇದೇ ಪೂರ್ವ ಆಫ್ರಿಕಾದ ರುವಾಂಡಾದಲ್ಲಿ 2006ರಿಂದ ಗಿರಿಂಕಾ ಅಂತ ಯೋಜನೆ ಇದೆ, ಬಡ ಮನೆಗೊಂದು ಹಸು ಕೊಡ್ತಾರೆ, ಅದು ಹಾಕೋ ಮೊದಲ ಹೆಣ್ಗರು ನೆರೆಮನೆಗೆ ಹೋಗ್ಬೇಕು. ಸಾಲ ಸಬ್ಸಿಡಿ ಅಂತ ಒಬ್ಬೊಬ್ಬನೇ ಓಡಾಡೋದಕ್ಕಿಂತ ಇದು ನಂಗೆ ತುಂಬಾ ಹಿಡಿಸ್ತು, ಯಾಕಂದ್ರೆ ಹಸು ಚೆನ್ನಾಗಿದ್ಯಾ ಅಂತ ನೋಡೋಕೆ ಪಕ್ಕದ ಮನೆಯೋರೇ ಇರ್ತಾರೆ.

ನಮ್ಮ ಕರ್ನಾಟಕದಲ್ಲಿ ಒಂದು ಶಕ್ತಿ ಇದೆ, ಹಳ್ಳಿ ಹಳ್ಳೀಲೂ ಡೇರಿ ಸಂಘ. ಆ ಸಂಘದ ಪಕ್ಕದಲ್ಲೇ ಸ್ತ್ರೀಶಕ್ತಿ ಗುಂಪಿನೋರು ಚೊಗಚೆ, ಗ್ಲಿರಿಸಿಡಿಯಾ, ನುಗ್ಗೆ ಅಂಥ ಮೇವಿನ ಸಸಿ ಬೆಳೆಸ್ಲಿ, ಸಸಿ ದುಡ್ಡು ಹಾಲಿನ ಬಟವಾಡೇಲಿ ಚೂರ್ಚೂರು ಮುರ್ಕೊಳ್ಳಿ. ಮುಂಗಾರಿಗೆ ಸಸಿ ಕೈಗೆ ಬರ್ಬೇಕು ಅಂದ್ರೆ ಬೀಜ ಫೆಬ್ರವರಿ ಮಾರ್ಚಲ್ಲೇ ಬೀಳ್ಬೇಕು, ಅದಕ್ಕೆ ಸಂಘದ ಮೀಟಿಂಗಲ್ಲಿ ಈ ಮಾತು ಚಳಿಗಾಲದಲ್ಲೇ ಎತ್ತಿ.