ಮೊದಲು ಹೇಳಿದವರಿಗೇ ಪೆಟ್ಟು

2021ರ ನವೆಂಬರ್ ಕೊನೆ ವಾರ ನೆನಪಿದೆಯಾ? ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ವಿಜ್ಞಾನಿಗಳು ಕೊರೋನಾದ ಹೊಸ ತಳಿಯೊಂದನ್ನು ಪತ್ತೆ ಮಾಡಿ, ಏನೂ ಮುಚ್ಚಿಡದೆ ಜಗತ್ತಿಗೆ ಹೇಳಿಬಿಟ್ಟರು. ಅದೇ ಒಮಿಕ್ರಾನ್. ಅದಕ್ಕೆ ಅವರಿಗೆ ಸಿಕ್ಕಿದ್ದೇನು? ಎರಡು ಮೂರು ದಿನದೊಳಗೆ ಬ್ರಿಟನ್, ಯುರೋಪು, ಅಮೆರಿಕ ಒಂದರ ಹಿಂದೊಂದು ಆ ಕಡೆಯ ಪ್ರಯಾಣಿಕರಿಗೆ ಬಾಗಿಲು ಹಾಕಿದವು. ಆಮೇಲೆ ನೋಡಿದರೆ ನೆದರ್ಲೆಂಡ್ಸ್‌ನಲ್ಲಿ ಅದಕ್ಕೂ ಮೊದಲೇ ತೆಗೆದಿಟ್ಟಿದ್ದ ಸ್ಯಾಂಪಲ್‌ಗಳಲ್ಲೂ ಅದೇ ತಳಿ ಇತ್ತು! ಹುಡುಕಿ ಹೇಳಿದವರು ಮಾತ್ರ ಸಿಕ್ಕಿಬಿದ್ದರು.

ಪ್ರಾಣಿಗಳಿಂದ ಬರುವ ರೋಗ, ಮುಂದಿನ ಮಹಾಮಾರಿ, ಜಾಗತಿಕ ಒಪ್ಪಂದ ಅಂತ ಎಲ್ಲಾದರೂ ಓದಿದಾಗ ನನಗೆ ಮೊದಲು ಬರುವ ಪ್ರಶ್ನೆ ಒಂದೇ. ರೋಗ ಇದೆ ಅಂತ ಮೊದಲು ಹೇಳಿದವರಿಗೆ ಲಾಭವಾಗುತ್ತಾ, ನಷ್ಟವಾಗುತ್ತಾ? ನಷ್ಟವೇ ಆಗುವುದಾದರೆ ಎಷ್ಟು ಒಪ್ಪಂದ ಬರೆದುಕೊಂಡರೂ ಅಷ್ಟೇ. ಯಾರೂ ಬಾಯಿ ಬಿಡುವುದಿಲ್ಲ.

2025ರ ಮೇ 20ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮಹಾಮಾರಿ ಒಪ್ಪಂದವನ್ನು ಒಪ್ಪಿಕೊಂಡವು. ಮೂರು ವರ್ಷಕ್ಕೂ ಜಾಸ್ತಿ ಎಳೆದಾಡಿದ ಮೇಲೆ. ಹಿಂದಿನ ದಿನ ಸಮಿತಿಯಲ್ಲಿ ಮತಕ್ಕೆ ಹಾಕಿದಾಗ 124 ದೇಶಗಳು ಪರ, ವಿರೋಧ ಒಂದೂ ಇಲ್ಲ, 11 ತಟಸ್ಥ. ಅಮೆರಿಕ ಆ ಕಡೆ ತಲೆಯೇ ಹಾಕಲಿಲ್ಲ, ಅದು ಆ ವರ್ಷದ ಜನವರಿಯಲ್ಲೇ ಸಂಸ್ಥೆಯಿಂದ ಹೊರಗೆ ಹೋಗುತ್ತೇನೆ ಅಂತ ಹೇಳಿಯಾಗಿತ್ತು. ಆದರೆ ಎಲ್ಲಕ್ಕಿಂತ ಗಂಟು ಬಿದ್ದಿದ್ದ ವಿಷಯವನ್ನು ಆ ದಿನ ಬಿಡಿಸಲಿಲ್ಲ. ಅನುಬಂಧದಲ್ಲಿ ಆಮೇಲೆ ನೋಡೋಣ ಅಂತ ಪಕ್ಕಕ್ಕಿಟ್ಟರು. ಅದೇನು ಅಂದರೆ: ಬಡ ದೇಶದಲ್ಲಿ ಸಿಕ್ಕ ವೈರಸ್ಸಿನ ಸ್ಯಾಂಪಲ್ ಕೊಟ್ಟರೆ, ಅದರಿಂದ ಮಾಡಿದ ಲಸಿಕೆಯಲ್ಲಿ ಆ ದೇಶಕ್ಕೆ ಪಾಲೆಷ್ಟು? ಒಪ್ಪಂದದಲ್ಲಿ ಒಟ್ಟು ಲೆಕ್ಕವಷ್ಟೇ ಇದೆ, ಅದನ್ನು ನಡೆಸುವ ವಿವರವನ್ನು ಅನುಬಂಧಕ್ಕೆ ಬಿಟ್ಟರು. ಈ ವ್ಯವಸ್ಥೆಗೆ ಸೇರಿಕೊಂಡ ಕಂಪನಿಗಳು ಮಹಾಮಾರಿಯ ಹೊತ್ತಿನಲ್ಲಿ ತಯಾರಿಸಿದ್ದರಲ್ಲಿ ಶೇ. 20ರಷ್ಟನ್ನು ಸಂಸ್ಥೆಗೆ ಸಿಗುವಂತೆ ಮಾಡಬೇಕು, ಅದರಲ್ಲಿ ಕನಿಷ್ಠ ಅರ್ಧ ಪುಕ್ಕಟೆ.

ಇದು ಸುಮ್ನೆ ಹುಟ್ಟಿದ ಜಗಳ ಅಲ್ಲ. 2007ರಲ್ಲಿ ಇಂಡೋನೇಷ್ಯಾದಲ್ಲಿ ಹಕ್ಕಿಜ್ವರಕ್ಕೆ ಜನ ಸಾಯುತ್ತಿದ್ದರು. ಅವರು ಸ್ಯಾಂಪಲ್ ಕಳಿಸುವುದು, ಆ ಸ್ಯಾಂಪಲ್‌ನಿಂದ ಶ್ರೀಮಂತ ದೇಶದ ಕಂಪನಿ ಲಸಿಕೆ ಮಾಡುವುದು, ಅದನ್ನು ಕೊಳ್ಳಲು ಇಂಡೋನೇಷ್ಯಾದ ಹತ್ತಿರ ದುಡ್ಡಿಲ್ಲದಿರುವುದು. ಆಗಿನ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಸ್ಯಾಂಪಲ್ ಕಳಿಸುವುದನ್ನೇ ನಿಲ್ಲಿಸಿಬಿಟ್ಟರು. ಇಡೀ ಜಗತ್ತಿನ ಜೀವದ ಜೊತೆ ಆಟ ಆಡ್ತಿದ್ದೀರಿ ಅಂತ ಎಲ್ಲರೂ ಬೈದರು. ಅವರ ದಾರಿ ಅಪಾಯದ್ದೇ, ನಾನು ಸಮರ್ಥಿಸಲ್ಲ. ಆದರೆ ಹಾಗೆ ಹಟ ಹಿಡಿದ ಮೇಲೆಯೇ 2011ರಲ್ಲಿ ಫ್ಲೂ ವೈರಸ್‌ಗಳ ಮಟ್ಟಿಗೆ ಕೊಡು-ಕೊಳ್ಳುವ ನಿಯಮ ಬಂತು. ಬಾಯಿ ಮಾತಲ್ಲಿ ಕೇಳಿದ್ದರೆ ಬರುತ್ತಿತ್ತಾ? ನನಗಂತೂ ಅನುಮಾನ. (ನಾವೂ ಸಾಚಾ ಏನಲ್ಲ. 2021ರ ಮಾರ್ಚ್‌ನಲ್ಲಿ ಇಲ್ಲಿ ಎರಡನೇ ಅಲೆ ಏಳುತ್ತಿದ್ದಂತೆ ಲಸಿಕೆಯ ರಫ್ತನ್ನು ಹೆಚ್ಚುಕಡಿಮೆ ನಿಲ್ಲಿಸಿದೆವು, ನಮ್ಮನ್ನೇ ನಂಬಿಕೊಂಡಿದ್ದ ಆಫ್ರಿಕಾದ ದೇಶಗಳು ತಿಂಗಳುಗಟ್ಟಲೆ ಕಾದವು.)

ಇದೇ ಲೆಕ್ಕ ದೇಶಗಳಿಗಿಂತ ಕೆಳಗೆ, ಹಂದಿ ಕೋಳಿ ಸಾಕುವವರ ಮಟ್ಟದಲ್ಲಿ ಇನ್ನೂ ಕ್ರೂರವಾಗಿ ಕಾಣುತ್ತದೆ. ನಿಫಾ ಅಂದರೆ ನಮಗೆ ಕೇರಳ ನೆನಪಾಗುತ್ತದೆ, ಆದರೆ ಅದು ಮೊದಲು ಕಾಣಿಸಿದ್ದು 1998ರಲ್ಲಿ ಮಲೇಷ್ಯಾದಲ್ಲಿ. ಇಪೋ ಊರಿನ ಆಸುಪಾಸಿನ ಹಂದಿ ಫಾರ್ಮುಗಳಲ್ಲಿ, ಪಕ್ಕದಲ್ಲೇ ಹಣ್ಣಿನ ತೋಟ, ಮರದ ಮೇಲೆ ಬಾವಲಿ, ಅದು ಕಚ್ಚಿ ಬೀಳಿಸಿದ ಹಣ್ಣು ಹಂದಿಯ ಬಾಯಿಗೆ. ಜನರಿಗೆ ಜ್ವರ ಬಂದು ಪ್ರಜ್ಞೆ ತಪ್ಪಿದಾಗ ಇದು ಸೊಳ್ಳೆಯಿಂದ ಬರುವ ಜಪಾನೀಸ್ ಮೆದುಳುಜ್ವರ ಅಂದುಕೊಂಡು ತಿಂಗಳುಗಟ್ಟಲೆ ಸೊಳ್ಳೆಗೆ ಹೊಗೆ ಹಾಕಿದರು, ಅದರ ಲಸಿಕೆಯನ್ನೇ ಚುಚ್ಚಿದರು. ಅಷ್ಟರಲ್ಲಿ ಸಾಕುವವರು ಏನು ಮಾಡಿದರು? ಹಂದಿಗಳನ್ನು ಸಿಕ್ಕಿದ ರೇಟಿಗೆ ಮಾರಿ ಕೈ ತೊಳೆದುಕೊಂಡರು. ಆ ಹಂದಿಗಳು ಲಾರಿ ಹತ್ತಿ ದಕ್ಷಿಣಕ್ಕೆ ಹೋದವು, ಜೊತೆಗೆ ವೈರಸ್ಸೂ ಹೋಯಿತು. ಕೊನೆಗೆ ಸಿಂಗಪುರದ ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತಿದ್ದ 11 ಜನರಿಗೆ ತಗುಲಿ ಒಬ್ಬರು ಸತ್ತರು. ಮಲೇಷ್ಯಾದಲ್ಲಿ ಸತ್ತವರು ನೂರಕ್ಕೂ ಹೆಚ್ಚು, ಕೊಂದ ಹಂದಿಗಳು ಹತ್ತಿರ ಹತ್ತಿರ 10 ಲಕ್ಷ. ಆ ರೈತರನ್ನು ಕಟುಕರು ಅನ್ನುವುದು ಸುಲಭ. ಸಾಲ ಮಾಡಿ ತಂದ ಹಂದಿ ಕಣ್ಣೆದುರೇ ಕೆಮ್ಮುತ್ತಾ ಸಾಯ್ತಿದ್ದರೆ ಮಾರಬೇಡ ಅನ್ನೋಕೆ ಅವರ ಕೈಗೆ ಯಾರು ಏನು ಕೊಟ್ಟಿದ್ದರು ಆಗ?

ನಮ್ಮಲ್ಲೇ ನೋಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಬಂತು. ನಿಯಮ ಹೀಗಿದೆ. ಸ್ಯಾಂಪಲ್ ಭೋಪಾಲದ ಲ್ಯಾಬಿಗೆ ಹೋಗಬೇಕು, ಅಲ್ಲಿ ಹೌದು ಅಂತ ಬಂದರೆ ಸುತ್ತ ಒಂದು ಕಿಲೋಮೀಟರಿನಲ್ಲಿರುವ ಕೋಳಿಗಳನ್ನೆಲ್ಲ ಕೊಂದು ಹೂಳಬೇಕು, ಹಿತ್ತಲಲ್ಲಿ ಅಜ್ಜಿ ಸಾಕಿದ ನಾಲ್ಕು ನಾಟಿ ಕೋಳಿಯೂ ಸೇರಿ. ಸರ್ಕಾರ ಕೊಂದ ಕೋಳಿಗೆ ಪರಿಹಾರ ಉಂಟು. ರೋಗ ಬಂದು ತಾನಾಗೇ ಸತ್ತದ್ದಕ್ಕೆ ಇಲ್ಲ. ಬೇಗ ಹೇಳಲಿ ಅಂತಲೇ ಹಾಗೆ ಮಾಡಿದ್ದಾರೆ, ಕಾಗದದ ಮೇಲೆ ಇದು ಜಾಣತನವೇ. ಆದರೆ ಈಗ ಸುಮಾರು ಶೆಡ್ಡುಗಳಲ್ಲಿರುವ ಮರಿ ಕಂಪನಿಯದ್ದು, ಫೀಡು ಕಂಪನಿಯದ್ದು, ಶೆಡ್ಡು ಮತ್ತು ದುಡಿಮೆ ಮಾತ್ರ ರೈತರದ್ದು, ಅವರಿಗೆ ಸಿಗುವುದು ಸಾಕಿದ ಕೂಲಿ. ಪರಿಹಾರದಲ್ಲಿ ಅವರ ಪಾಲೆಷ್ಟು? ತಿಂಗಳುಗಟ್ಟಲೆ ಖಾಲಿ ಶೆಡ್ಡಿನ ಸಾಲದ ಕಂತು ಯಾರು ಕಟ್ಟಬೇಕು? ಪಕ್ಕದ ಮನೆಯವರ ಕೋಳಿಗೂ ನೀನೇ ಮಾರಿ ತಂದೆ ಅನ್ನುವ ಮಾತು ಬೇರೆ. ಇಷ್ಟೆಲ್ಲ ಗೊತ್ತಿದ್ದೂ ಮೊದಲ ಹತ್ತು ಕೋಳಿ ಸತ್ತ ದಿನವೇ ಪಶು ವೈದ್ಯರಿಗೆ ಫೋನ್ ಮಾಡುವವರಿಗೆ ಕೈ ಮುಗಿಯಬೇಕು.

ಇನ್ನು ನಮ್ಮ ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಜಗತ್ತೇ ಬೆಚ್ಚಿತು, ಏಕೆಂದರೆ ಆಫ್ರಿಕಾದ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತು ಅಂದುಕೊಂಡರು. ರಾಕ್‌ಫೆಲರ್ ಫೌಂಡೇಶನ್ ನೆರವಿನ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅದೇ ವರ್ಷ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ, ಉಣುಗು ಕಚ್ಚಿದರೆ ಬರುವ ಬೇರೆಯೇ ರೋಗ. ಅದಕ್ಕೆ ರಷ್ಯಾದ ಕಡೆಯ ಒಂದು ಮೆದುಳುಜ್ವರದ ವೈರಸ್ಸಿನ ಜೊತೆ ಹತ್ತಿರದ ನಂಟಿದ್ದದ್ದರಿಂದ ವಲಸೆ ಹಕ್ಕಿಗಳು ತಂದವಾ ಅಂತಲೂ ಹುಡುಕಾಟ ನಡೆಯಿತು, ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬಂದದ್ದು ಹೀಗೆ.

ಆಮೇಲೆ ಒಂದು ವಿಷಯ ಖಚಿತವಾಯಿತು. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಅಂದರೆ ನ್ಯೂಯಾರ್ಕಿಗೆ, ಲಂಡನ್ನಿಗೆ ವಿಮಾನದಲ್ಲಿ ಹೋಗಲ್ಲ. ಅಲ್ಲಿಗೆ ಜಗತ್ತಿನ ಆಸಕ್ತಿ ತಣ್ಣಗಾಯಿತು. ಇಲ್ಲಿ ಮಾತ್ರ ಪ್ರತಿ ಚಳಿಗಾಲದಿಂದ ಮಳೆಗಾಲದವರೆಗೆ ಅದೇ ಭಯ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವಿನ ಮೇಲೆ ಸಾವು ನೋಡಿದೆವು. ಅಷ್ಟರಲ್ಲಾಗಲೇ ರೋಗ ಕೇರಳ, ಗೋವಾ, ಮಹಾರಾಷ್ಟ್ರದವರೆಗೆ ಹಬ್ಬಿತ್ತು. ಇದ್ದ ಹಳೆಯ ಲಸಿಕೆಯಿಂದ ಅಷ್ಟು ಪ್ರಯೋಜನವಿಲ್ಲ ಅಂತ ಅದನ್ನೂ ನಿಲ್ಲಿಸಿದರು. ಹೊಸದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಕೈಕಾಲಿಗೆ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಕಾಡಿಗೆ ಹೋಗಬೇಡಿ ಅನ್ನುತ್ತಾರೆ. ಸೊಪ್ಪಿನ ಬೆಟ್ಟಕ್ಕೆ ಹೋಗದೆ, ದರಕು (ಉದುರಿದ ಒಣ ಎಲೆ) ಗುಡಿಸದೆ ಅಡಿಕೆ ತೋಟ ನಡೆಯುತ್ತಾ ಸ್ವಾಮಿ?

ಜಿನೀವಾದ ಆ ಮಹಾಮಾರಿ ಒಪ್ಪಂದದಿಂದ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಮೇಲೆ ಲಾಕ್‌ಡೌನ್ ಹೇರುತ್ತದೆ ಅಂತ ವಾಟ್ಸಾಪಿನಲ್ಲಿ ಹರಿದಾಡಿತು. ಸುಳ್ಳು. ಲಾಕ್‌ಡೌನ್ ಮಾಡು, ಲಸಿಕೆ ಕಡ್ಡಾಯ ಮಾಡು ಅಂತ ಯಾವ ದೇಶಕ್ಕೂ ಹೇಳುವ ಅಧಿಕಾರ ಸಂಸ್ಥೆಗಿಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ನನ್ನ ತಕರಾರು ಅದರ ಉಲ್ಟಾ, ಅದಕ್ಕೆ ಹಲ್ಲೇ ಇಲ್ಲ. ರೋಗ ಪ್ರಾಣಿಯಿಂದ ಮನುಷ್ಯನಿಗೆ ದಾಟುವ ಜಾಗದಲ್ಲೇ ತಡೆಯಬೇಕು ಅನ್ನುವ ಮಾತು ಚೆನ್ನಾಗಿದೆ, ಆದರೆ ಸಂಪನ್ಮೂಲ ಇದ್ದಷ್ಟು, ಕೈಲಾದಷ್ಟು ಅನ್ನುವ ಬಾಲವೂ ಜೊತೆಗಿದೆ.

ವಿಶ್ವಬ್ಯಾಂಕಿನ ಮಹಾಮಾರಿ ನಿಧಿಯಿಂದ ಭಾರತಕ್ಕೆ ಪ್ರಾಣಿಗಳ ಆರೋಗ್ಯಕ್ಕೆ ಅಂತಲೇ 2.5 ಕೋಟಿ ಡಾಲರ್ ಮಂಜೂರಾಗಿದೆ. ಲ್ಯಾಬುಗಳು ಬರಲಿ, ಬೇಕೇ ಬೇಕು. ಆದರೆ ನನ್ನನ್ನು ಕೇಳಿದರೆ ಮೊದಲು ಆಗಬೇಕಾದ್ದು ಚಿಕ್ಕ ಕೆಲಸಗಳು. ಕೋಳಿ ಕೊಂದ ವಾರದೊಳಗೆ ಸಾಕಿದವರ ಖಾತೆಗೇ ನೇರವಾಗಿ ಪರಿಹಾರ ಬರಲಿ. ಖಾಲಿ ಇರುವ ಪಶು ವೈದ್ಯರ ಹುದ್ದೆಗಳನ್ನು ತುಂಬಲಿ. ಸತ್ತ ಮಂಗ ಕಂಡು ಫೋನ್ ಮಾಡಿದವರಿಗೆ ಅದೇ ದಿನ ಯಾರಾದರೂ ಬರಲಿ, ಕಾಡಿಗೆ ಹೋಗಬೇಡಿ ಅಂತ ತಡೆದಷ್ಟು ದಿನ ಅವರಿಗೆ ಕೂಲಿ ಕೊಡಲಿ.